ವಾಲ್ವು ವರ್ಧಕಗಳಲ್ಲಿ ಟ್ರೆಮೊಲೊದ ಅನಪೇಕ್ಷಿತ ಸದ್ದು: ಕಾರಣ ಮತ್ತು ಪರಿಹಾರ

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸೀಮೆಯಲ್ಲಿ ಬಯಲಾಟವನ್ನೂ ಕಂಪನಿ ನಾಟಕವನ್ನೂ ಬಲ್ಲವರಿಗೆ ಹಾರ್ಮೋನಿಯಂ ಪರಿಚಿತವಾದುದೇ. ಕೆಲವು ಹಾರ್ಮೋನಿಯಂಗಳಲ್ಲಿ ಒಂದು ಗುಂಡಿಯನ್ನು ಎಳೆದೊಡನೆ ಸ್ವರವು ಅಲೆಯಲೆಯಾಗಿ ಏರಿಳಿಯತೊಡಗುತ್ತದೆ. ಗಾಳಿಯ ದಾರಿಯಲ್ಲಿರುವ ಸಣ್ಣ ಮುಚ್ಚಳವೊಂದು ಅಲುಗಾಡಿ ಗಾಳಿಯ ಹರಿವನ್ನು ಹೆಚ್ಚು ಕಡಮೆ ಮಾಡುವುದೇ ಇದಕ್ಕೆ ಕಾರಣ. ಇದೇ ಪರಿಣಾಮವನ್ನು ಗಿಟಾರಿನ ವರ್ಧಕದಲ್ಲಿ ವಿದ್ಯುತ್ತಿನಿಂದ ಉಂಟುಮಾಡುವ ಏರ್ಪಾಡಿಗೆ ಟ್ರೆಮೊಲೊ ಎಂದು ಹೆಸರು. ಕಂಪಿತ ಗಮಕದಲ್ಲಿ ತೂಗಾಡುವುದು ಸ್ವರದ ಸ್ಥಾನ. ಟ್ರೆಮೊಲೊದಲ್ಲಿ ತೂಗಾಡುವುದು ನಾದದ ಬಲ ಮಾತ್ರ. ಅಮೆರಿಕದ ಫೆಂಡರ್ ಸಂಸ್ಥೆಯು ತನ್ನ ಹಲವು ವರ್ಧಕಗಳಲ್ಲಿ ಇದನ್ನೇ ‘ವೈಬ್ರೇಟೊ’ ಎಂದು ಗುರುತಿಸಿದುದರಿಂದ ಈ ಭೇದವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ.

ಹಳೆಯ ವಾಲ್ವು ವರ್ಧಕಗಳಲ್ಲಿ, ತಂತಿಯನ್ನು ಮೀಟದಿರುವಾಗಲೂ ಗಡಿಯಾರದಂತೆ ‘ಟಿಕ್ ಟಿಕ್’ ಎಂಬ ಅಥವಾ ಮಂದವಾದ ‘ದಬ್ ದಬ್’ ಎಂಬ ಸದ್ದು ಕೇಳಿಬರುವುದುಂಟು. ಇದು ದೋಷವೇ ಎಂಬುದಕ್ಕೆ ಗಣಿತವೇ ಸಾಕ್ಷಿ. ಟ್ರೆಮೊಲೊ ಮಾಡುವ ಕೆಲಸ ಗುಣಾಕಾರ: ಅದು ಬಂದ ಸಂಜ್ಞೆಯನ್ನು ಏರಿಳಿಯುವ ಒಂದು ಪ್ರಮಾಣದಿಂದ ಗುಣಿಸುತ್ತದೆ. ಶೂನ್ಯವನ್ನು ಯಾವುದರಿಂದ ಗುಣಿಸಿದರೂ ಶೂನ್ಯವೇ. ಆದಕಾರಣ ಮೌನದಲ್ಲಿ ಕೇಳುವ ಸದ್ದು ಗುಣಾಕಾರದ ಫಲವಲ್ಲ, ಎಲ್ಲಿಂದಲೋ ಸೋರಿ ಬಂದು ಕೂಡಿಕೊಂಡ ಸಂಕಲನದ ಫಲ. ಆ ಸೋರಿಕೆಯ ದಾರಿಯನ್ನು ಕಂಡುಹಿಡಿಯುವುದೇ ಪರೀಕ್ಷಕನ ಕಾರ್ಯ.

ಏರಿಳಿತದ ಮೂಲ ಒಂದು ಮಂದಗತಿಯ ಆಂದೋಲಕ. ಸಾಮಾನ್ಯವಾಗಿ ಒಂದು ಟ್ರಯೋಡ್ ವಾಲ್ವಿನ ಹೊರಬರುವ ಸಂಜ್ಞೆಯನ್ನು ಮೂರು ಜೊತೆ ಕಂಡೆನ್ಸರ್ ಮತ್ತು ರೋಧಕಗಳ ಮೂಲಕ ಹಾಯಿಸಿ ಅದರ ಜಾಲಕ್ಕೆ ಮರಳಿಸಲಾಗುತ್ತದೆ. ಇದರಿಂದ ಸೆಕೆಂಡಿಗೆ ಸುಮಾರು 3ರಿಂದ 10 ಆವರ್ತನೆಗಳು ಉಂಟಾಗುತ್ತವೆ. ಇವನ್ನು ಸಂಜ್ಞೆಯ ಮೇಲೆ ಪ್ರಯೋಗಿಸುವ ಎರಡು ಮುಖ್ಯ ವಿಧಾನಗಳಿವೆ.

ಮೊದಲನೆಯದರಲ್ಲಿ ಆಂದೋಲನವು ಕೊನೆಯ ಹಂತದ ಎರಡು ವಾಲ್ವುಗಳ ಜಾಲಗಳಿಗೆ ಸಮವಾಗಿ ತಲಪುತ್ತದೆ. ಎರಡು ವಾಲ್ವುಗಳೂ ಸರಿಜೋಡಿಯಾಗಿದ್ದರೆ ಅವುಗಳ ಪ್ರವಾಹದ ಏರಿಳಿತಗಳು ಹೊರಗಣ ಟ್ರಾನ್ಸ್‌ಫಾರ್ಮರಿನಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದು ವಾಲ್ವು ಸವೆದು ಜೋಡಿ ತಪ್ಪಿದರೆ ಉಳಿದ ವ್ಯತ್ಯಾಸವೇ ‘ದಬ್’ ಎಂದು ಕೇಳುತ್ತದೆ. ಎರಡನೆಯದು 1960ರ ದಶಕದ ಫೆಂಡರ್ ವರ್ಧಕಗಳಲ್ಲಿ ಪ್ರಸಿದ್ಧವಾದ ವಿಧಾನ: ಕತ್ತಲೆಯ ಕವಚವೊಂದರಲ್ಲಿ ನಿಯಾನ್ ದೀಪವೂ ಬೆಳಕಿಗೆ ಮಣಿಯುವ ರೋಧಕವೂ ಎದುರುಬದುರಾಗಿರುತ್ತವೆ. ನಿಯಾನ್ ದೀಪವು ಮೆಲ್ಲನೆ ಬೆಳಗದೆ ನಿಶ್ಚಿತ ವೋಲ್ಟೇಜಿನಲ್ಲಿ ಥಟ್ಟನೆ ಹೊತ್ತಿಕೊಳ್ಳುತ್ತದೆ. ಈ ಹಠಾತ್ ಬದಲಾವಣೆಯು ಪಕ್ಕದ ತಂತಿಗಳಿಗೆ ಹಾಯ್ದು ‘ಟಿಕ್’ ಎನಿಸುತ್ತದೆ.

ಪರೀಕ್ಷೆಯ ಕ್ರಮ ಹೀಗಿರಬೇಕು. ಮೊದಲು ವೇಗದ ಗುಂಡಿಯನ್ನು ತಿರುಗಿಸಿ ನೋಡಬೇಕು. ಸದ್ದಿನ ಗತಿ ಅದರೊಡನೆ ಬದಲಾದರೆ ಮೂಲ ಆಂದೋಲಕವೇ. ಬದಲಾಗದ ಗುಂಯ್‌ಗುಟ್ಟುವಿಕೆಯು ವಿದ್ಯುತ್ ಪೂರೈಕೆಯದು. ನಮ್ಮ ದೇಶದ 50 ಆವರ್ತನೆಯ ವಿದ್ಯುತ್ತಿನಲ್ಲಿ ಅದು 50 ಅಥವಾ 100ರಲ್ಲಿರುತ್ತದೆ. ಬಳಿಕ ಧ್ವನಿಯ ಗುಂಡಿಯನ್ನು ಇಳಿಸಬೇಕು. ಟಿಕ್ ಸದ್ದೂ ಇಳಿದರೆ ಸೋರಿಕೆ ಆ ಗುಂಡಿಗಿಂತ ಮುಂಚಿನ ಹಂತದಲ್ಲಿದೆ, ಇಳಿಯದಿದ್ದರೆ ಆಮೇಲಿನದರಲ್ಲಿ. ದೀಪದ ವಿಧಾನದ ಯಂತ್ರದಲ್ಲಿ ತೀವ್ರತೆಯ ಗುಂಡಿಯನ್ನು ಸೊನ್ನೆಗೆ ತಂದರೂ ಸದ್ದು ನಿಲ್ಲದಿದ್ದರೆ ಅದು ತಂತಿಗಳ ಸಾಮೀಪ್ಯದಿಂದಲೋ ಸಮಾನ ಪೂರೈಕೆಯಿಂದಲೋ ಬರುತ್ತಿದೆಯೆಂದು ತಿಳಿಯಬೇಕು.

ಪರಿಹಾರವೂ ಇದೇ ಕ್ರಮವನ್ನು ಅನುಸರಿಸುತ್ತದೆ. ಆಂದೋಲಕದ ತಂತಿಗಳನ್ನು ಸಂಜ್ಞೆಯ ತಂತಿಗಳಿಂದ ದೂರ ಸರಿಸುವುದು ಮೊದಲ ಉಪಾಯ. ಅದಕ್ಕೆ ಖರ್ಚೇನೂ ಇಲ್ಲ. ಅದು ಸಾಲದಿದ್ದರೆ ದೀಪದ ಬದಿಗೆ ಸುಮಾರು 0.01 ಮೈಕ್ರೊಫ್ಯಾರಡಿನ, ತಕ್ಕ ವೋಲ್ಟೇಜನ್ನು ತಾಳುವ ಕಂಡೆನ್ಸರನ್ನು ಸೇರಿಸಿ ಏರಿಕೆಯ ಕಡಿದನ್ನು ತಗ್ಗಿಸಬಹುದು. ಪೂರೈಕೆಯ ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳು ದಶಕಗಳಲ್ಲಿ ಒಣಗಿ ಗುಣಗೆಟ್ಟಿದ್ದರೆ ಆಂದೋಲಕದ ಪ್ರವಾಹದ ಏರಿಳಿತವು ಇತರ ಹಂತಗಳಿಗೂ ಹಬ್ಬುತ್ತದೆ. ಆಗ ಅವುಗಳನ್ನು ಬದಲಿಸದೆ ಗತ್ಯಂತರವಿಲ್ಲ.

ಯಂತ್ರವನ್ನು ತೆರೆಯುವವರು ಒಂದು ಮಾತನ್ನು ಮರೆಯಬಾರದು. ಒಳಗೆ 400 ವೋಲ್ಟಿಗೂ ಮೀರಿದ ಒತ್ತಡವಿರಬಹುದು; ವಿದ್ಯುತ್ ತಪ್ಪಿಸಿದ ಮೇಲೂ ಕಂಡೆನ್ಸರುಗಳು ಪ್ರಾಣಾಂತಕವಾದ ಆವೇಶವನ್ನು ಹಿಡಿದಿಟ್ಟಿರುತ್ತವೆ. ತಕ್ಕ ರೋಧಕದ ಮೂಲಕ ಅದನ್ನು ಇಳಿಸಿ, ಮೀಟರಿನಿಂದ ಖಚಿತಪಡಿಸಿಕೊಂಡ ಮೇಲೆಯೇ ಕೈಯಿಡತಕ್ಕದ್ದು. ಅನುಭವಿಗಳ ಸಮ್ಮುಖದಲ್ಲಿಯೇ ವಿದ್ಯಾರ್ಥಿಗಳು ಇದಕ್ಕೆ ತೊಡಗುವುದು ಯುಕ್ತ.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ಆ ಕಾಲದ ವಾಲ್ವುಗಳು ಈಗ ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಸರಕಲ್ಲ. ಕಾರಣವನ್ನರಿಯದೆ ಒಂದಾದ ಮೇಲೊಂದು ಭಾಗವನ್ನು ಕಿತ್ತು ಬದಲಿಸುತ್ತ ಹೋದರೆ, ಸದ್ದು ಉಳಿದು ಯಂತ್ರವೇ ಹೋದೀತು. ಮೊದಲು ಕಿವಿ, ಆಮೇಲೆ ತರ್ಕ, ಕೊನೆಗೆ ಬೆಸುಗೆಯ ಕಡ್ಡಿ ಎಂಬ ಕ್ರಮವೇ ಇಲ್ಲಿ ಕ್ಷೇಮಕರ.