ಬರಿದಾಗಿ ಕಾಯುವ ಅಣೆಕಟ್ಟುಗಳು: ಡೇಟನ್ ನಗರ ಕಲಿತ ಪ್ರವಾಹದ ಪಾಠ

ನದಿಗಳು ಕೂಡುವ ಸ್ಥಳದಲ್ಲಿ ಪೇಟೆ ಬೆಳೆಯುವುದು ವಾಣಿಜ್ಯದ ಇತಿಹಾಸದಲ್ಲಿ ಹೊಸ ಸಂಗತಿಯೇನಲ್ಲ. ನೀರು ಸರಕನ್ನು ಸಾಗಿಸುತ್ತದೆ, ಗಿರಣಿಯನ್ನು ತಿರುಗಿಸುತ್ತದೆ, ಸುತ್ತಲಿನ ಹೊಲಗಳನ್ನು ಹಸನುಗೊಳಿಸುತ್ತದೆ. ಅದೇ ನೀರು ಒಂದೇ ಹಗಲಿನಲ್ಲಿ ಗೋದಾಮು, ಯಂತ್ರ ಮತ್ತು ಲೆಕ್ಕದ ಪುಸ್ತಕಗಳನ್ನು ಒಟ್ಟಿಗೆ ಮುಳುಗಿಸಲೂ ಬಲ್ಲದು. ಅಮೆರಿಕ ಸಂಯುಕ್ತ ಸಂಸ್ಥಾನದ ಒಹಾಯೊ ರಾಜ್ಯದಲ್ಲಿರುವ ಡೇಟನ್ ನಗರವು 1913ರಲ್ಲಿ ಇಂಥ ದುರಂತಕ್ಕೆ ತುತ್ತಾಯಿತು. ಆ ಬಳಿಕ ಅಲ್ಲಿನ ವರ್ತಕರು ಹಾಗೂ ಉದ್ದಿಮೆದಾರರು ಕೇಂದ್ರ ಸರ್ಕಾರದ ನೆರವಿಗೆ ಕಾಯದೆ ಕಟ್ಟಿಕೊಂಡ ರಕ್ಷಣಾ ವ್ಯವಸ್ಥೆಯು ನೂರು ವರ್ಷಗಳನ್ನು ದಾಟಿ ಇಂದಿಗೂ ಕೆಲಸ ಮಾಡುತ್ತಿದೆ. ಆ ವ್ಯವಸ್ಥೆಯ ಎಂಜಿನಿಯರಿಂಗ್‌ನಷ್ಟೇ ಅದರ ಹಣಕಾಸಿನ ತತ್ತ್ವವೂ ಗಮನಾರ್ಹವಾದುದು.

ಸಂಗಮದ ಊರು

ಡೇಟನ್ ನೆಲೆಗೊಂಡದ್ದು 1796ರಲ್ಲಿ. ಗ್ರೇಟ್ ಮಯಾಮಿ ನದಿಗೆ ಸ್ಟಿಲ್‌ವಾಟರ್ ಮತ್ತು ಮ್ಯಾಡ್ ಎಂಬ ಎರಡು ನದಿಗಳೂ ವುಲ್ಫ್ ಕ್ರೀಕ್ ಎಂಬ ಹಳ್ಳವೂ ಈ ಊರಿನ ಆಸುಪಾಸಿನಲ್ಲಿಯೇ ಬಂದು ಸೇರುತ್ತವೆ. 1829ರಲ್ಲಿ ಸಿನ್ಸಿನಾಟಿಯಿಂದ ಕಾಲುವೆ ಇಲ್ಲಿಯವರೆಗೆ ಬಂದಿತು. ಮುಂದೆ ರೈಲು ಮಾರ್ಗಗಳು ಬಂದವು. 1910ರ ಜನಗಣತಿಯ ವೇಳೆಗೆ ನಗರದ ಜನಸಂಖ್ಯೆ 1.16 ಲಕ್ಷವನ್ನು ಮೀರಿತ್ತು. ರೈಲು ಬೋಗಿಗಳು, ಕ್ಯಾಶ್ ರಿಜಿಸ್ಟರ್‌ಗಳು, ಮೋಟಾರು ವಾಹನಗಳ ವಿದ್ಯುತ್ ಉಪಕರಣಗಳು ಇಲ್ಲಿ ತಯಾರಾಗುತ್ತಿದ್ದವು. ವಿಮಾನವನ್ನು ರೂಪಿಸಿದ ರೈಟ್ ಸಹೋದರರು ಬೈಸಿಕಲ್ ತಯಾರಿಸಿ ಮಾರುತ್ತಿದ್ದ ಊರೂ ಇದೇ.

ಬೆಳವಣಿಗೆಯ ಜೊತೆಗೆ ಎಚ್ಚರಿಕೆಯೂ ಬರುತ್ತಲೇ ಇತ್ತು. 1805, 1828, 1847, 1866 ಮತ್ತು 1898ರಲ್ಲಿ ನದಿ ಊರೊಳಗೆ ನುಗ್ಗಿತ್ತು. ಪ್ರತಿ ಸಲವೂ ದಂಡೆಯ ಏರಿಗಳನ್ನು ದುರಸ್ತಿ ಮಾಡಿ, ಇನ್ನಷ್ಟು ಎತ್ತರಿಸಿ, ವ್ಯಾಪಾರ ಮುಂದುವರಿಸಲಾಗುತ್ತಿತ್ತು. ಏರಿ ಎತ್ತರವಾದಷ್ಟೂ ಅದರ ಹಿಂದೆ ಕಟ್ಟಿದ ಮಳಿಗೆಗಳ ಮೌಲ್ಯವೂ ಏರುತ್ತಿತ್ತು. ಅಪಾಯವೂ ಅದರೊಡನೆ ಬೆಳೆಯುತ್ತಿತ್ತು.

1913ರ ಮಾರ್ಚ್

1913ರ ಮಾರ್ಚ್ 23 ಈಸ್ಟರ್ ಭಾನುವಾರ. ಅಂದು ಆರಂಭವಾದ ಮಳೆ ದಿನಗಟ್ಟಲೆ ಬಿಡದೆ ಸುರಿಯಿತು. ಚಳಿಗಾಲ ಮುಗಿಯುತ್ತಿದ್ದ ಆ ದಿನಗಳಲ್ಲಿ ನೆಲ ಮೊದಲೇ ನೀರುಂಡಿದ್ದುದರಿಂದ ಬಿದ್ದ ಮಳೆಯ ಬಹುಪಾಲು ನೇರವಾಗಿ ನದಿಗಳನ್ನು ಸೇರಿತು. ಮಾರ್ಚ್ 25ರ ಮಂಗಳವಾರ ಬೆಳಿಗ್ಗೆ ಏರಿಗಳು ಒಡೆದವು. ಪ್ರವಾಹದ ಗರಿಷ್ಠ ಪ್ರಮಾಣ ಸುಮಾರು 2.5 ಲಕ್ಷ ಕ್ಯೂಸೆಕ್ ಎಂದು ಲೆಕ್ಕಹಾಕಲಾಗಿದೆ. ನಗರದೊಳಗಿನ ನದೀಪಾತ್ರಕ್ಕೆ ಅದರ ಅರ್ಧದಷ್ಟನ್ನೂ ಹೊರುವ ಶಕ್ತಿ ಇರಲಿಲ್ಲ. ಪೇಟೆಯ ನಡುವೆ ಕೆಲವೆಡೆ ನೀರು 20 ಅಡಿಗಳವರೆಗೆ ಏರಿತು. ಜನರು ಅಟ್ಟಗಳಲ್ಲಿ, ಚಾವಣಿಗಳ ಮೇಲೆ ರಾತ್ರಿ ಕಳೆದರು. ಅನಿಲದ ಕೊಳವೆಗಳು ಒಡೆದು ಬೆಂಕಿ ಹೊತ್ತಿಕೊಂಡಾಗ ಅಗ್ನಿಶಾಮಕ ದಳ ಅಲ್ಲಿಗೆ ತಲುಪಲಾರದಾಯಿತು. ಸುತ್ತಲೂ ನೀರಿದ್ದು ನಡುವೆ ಕಟ್ಟಡಗಳು ಉರಿದವು.

ಮಯಾಮಿ ಕಣಿವೆಯಲ್ಲಿ 360ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆಸ್ತಿಯ ನಷ್ಟ ಅಂದಿನ ಬೆಲೆಯಲ್ಲಿ 10 ಕೋಟಿ ಡಾಲರುಗಳನ್ನು ಮೀರಿತು. ರೈಲು ಬೋಗಿ ತಯಾರಿಕೆಯಲ್ಲಿ ಹೆಸರಾಗಿದ್ದ, ಆದರೆ ಮೊದಲೇ ಸಂಕಷ್ಟದಲ್ಲಿದ್ದ ಬಾರ್ನಿ ಅಂಡ್ ಸ್ಮಿತ್ ಕಂಪನಿಯು ಅದೇ ವರ್ಷ ರಿಸೀವರ್ ಆಡಳಿತಕ್ಕೆ ಒಳಪಟ್ಟಿತು. ರೈಟ್ ಸಹೋದರರ ಮನೆಯ ಹಿಂಬದಿಯ ಶೆಡ್ಡಿನಲ್ಲಿದ್ದ ಗಾಜಿನ ನೆಗೆಟಿವ್‌ಗಳೂ ನೀರಿನಲ್ಲಿ ಮುಳುಗಿದವು. ಮೊದಲ ಹಾರಾಟದ ಜಗತ್ಪ್ರಸಿದ್ಧ ಚಿತ್ರದ ಮೂಲ ಫಲಕದ ಒಂದು ಅಂಚು ಆಗ ಹಾಳಾದದ್ದು ಇಂದಿಗೂ ಕಾಣುತ್ತದೆ.

ಕಾರ್ಖಾನೆಯೇ ಆಶ್ರಯತಾಣ

ಎತ್ತರದ ನೆಲದಲ್ಲಿದ್ದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಗೆ ತನ್ನದೇ ವಿದ್ಯುತ್ ಸ್ಥಾವರ, ತನ್ನದೇ ಬಾವಿಗಳಿದ್ದವು. ಅದರ ಸ್ಥಾಪಕ ಜಾನ್ ಎಚ್. ಪ್ಯಾಟರ್‌ಸನ್ ಅವರು ಉತ್ಪಾದನೆಯನ್ನು ನಿಲ್ಲಿಸಿ, ಬಡಗಿಗಳನ್ನು ದೋಣಿ ಕಟ್ಟುವ ಕೆಲಸಕ್ಕೆ ಹಚ್ಚಿದರು. ಚಪ್ಪಟೆ ತಳದ ಸುಮಾರು 300 ದೋಣಿಗಳು ಅಲ್ಲಿ ಸಿದ್ಧವಾದವು. ಕಾರ್ಖಾನೆಯ ಅಂಗಳವೇ ಅಡುಗೆಮನೆ, ಆಸ್ಪತ್ರೆ ಮತ್ತು ವಸತಿಗೃಹವಾಯಿತು.

ಪ್ಯಾಟರ್‌ಸನ್ ಕಳಂಕವಿಲ್ಲದ ವ್ಯಕ್ತಿಯೇನೂ ಆಗಿರಲಿಲ್ಲ. ಪ್ರತಿಸ್ಪರ್ಧಿಗಳನ್ನು ಅಕ್ರಮವಾಗಿ ತುಳಿದ ಆರೋಪದ ಮೇಲೆ ಏಕಸ್ವಾಮ್ಯ ವಿರೋಧಿ ಕಾನೂನಿನಡಿ ಪ್ರವಾಹಕ್ಕೆ ಒಂದು ತಿಂಗಳ ಮುನ್ನವಷ್ಟೇ ಅವರಿಗೂ ಅವರ ಅಧಿಕಾರಿಗಳಿಗೂ ಸೆರೆವಾಸದ ಶಿಕ್ಷೆ ವಿಧಿಸಲಾಗಿತ್ತು. ಮೇಲ್ಮನವಿ ನ್ಯಾಯಾಲಯವು 1915ರಲ್ಲಿ ಆ ತೀರ್ಪನ್ನು ರದ್ದುಪಡಿಸಿತು. ಲಾಭದ ಲೆಕ್ಕದಲ್ಲಿ ಕಠೋರನಾದ ಉದ್ಯಮಿಯೊಬ್ಬನ ಸಂಘಟನಾ ಶಕ್ತಿಯೇ ಆಪತ್ತಿನಲ್ಲಿ ಸಾವಿರಾರು ಜನರ ಆಸರೆಯಾದದ್ದನ್ನು ಇತಿಹಾಸ ಎರಡೂ ಕಡೆಯಿಂದ ದಾಖಲಿಸಿದೆ.

ಅಟ್ಟದ ಮೇಲೆ ಮಾಡಿದ ಪ್ರತಿಜ್ಞೆ

ನೀರು ಇಳಿದ ಬಳಿಕ ನಗರದ ಪ್ರಮುಖರು ಶಾಶ್ವತ ಪರಿಹಾರಕ್ಕಾಗಿ ನಿಧಿ ಸಂಗ್ರಹಕ್ಕೆ ತೊಡಗಿದರು. ಅಟ್ಟದಲ್ಲಿ ಕುಳಿತು ಮಾಡಿದ ಪ್ರತಿಜ್ಞೆಯನ್ನು ಮರೆಯಬೇಡಿ ಎಂಬುದು ಅವರ ಘೋಷಣೆಯಾಗಿತ್ತು. ಮನೆಯ ಕೆಸರನ್ನು ತೊಳೆಯಲೂ ಹಣವಿಲ್ಲದ ದಿನಗಳಲ್ಲಿ, ಎರಡೇ ತಿಂಗಳಲ್ಲಿ ಸುಮಾರು 23,000 ನಾಗರಿಕರಿಂದ 20 ಲಕ್ಷ ಡಾಲರುಗಳಿಗೂ ಮೀರಿದ ವಾಗ್ದಾನ ದೊರೆಯಿತು. ದೊಡ್ಡ ಕಾರ್ಖಾನೆಗಳ ಪಾಲು ದೊಡ್ಡದಾಗಿದ್ದರೂ ಅಂಗಡಿಕಾರರು ಮತ್ತು ಕಾರ್ಮಿಕರು ಅದರಲ್ಲಿ ಕೈಜೋಡಿಸಿದರು.

ಯೋಜನೆಗಾಗಿ ಆರ್ಥರ್ ಇ. ಮಾರ್ಗನ್ ಎಂಬ ಎಂಜಿನಿಯರರನ್ನು ಕರೆಸಲಾಯಿತು. ಅವರು ಕೂಡಲೇ ಏರಿ ಕಟ್ಟಲು ಹೊರಡಲಿಲ್ಲ. ಪೂರ್ವ ಅಮೆರಿಕದಲ್ಲಿ ಹಿಂದೆ ಸುರಿದ ಮಹಾಮಳೆಗಳ ದಾಖಲೆಗಳನ್ನು ಕಲೆಹಾಕಿಸಿ, ಯುರೋಪಿನ ನದಿಗಳ ಪ್ರವಾಹದ ಇತಿಹಾಸವನ್ನೂ ಪರಿಶೀಲಿಸಿದರು. 1913ರ ಪ್ರವಾಹವೇ ಕೊನೆಯ ಮಿತಿಯಲ್ಲ, ಅದಕ್ಕಿಂತ ಸುಮಾರು ಶೇಕಡಾ 40ರಷ್ಟು ಹೆಚ್ಚಿನ ನೀರನ್ನು ತಡೆಯುವ ಸಾಮರ್ಥ್ಯ ಬೇಕು ಎಂಬ ತೀರ್ಮಾನಕ್ಕೆ ಬಂದರು. ನಗರದೊಳಗಿನ ನದಿಯನ್ನು ಅಷ್ಟು ಅಗಲಗೊಳಿಸುವುದು ಅಸಾಧ್ಯ. ಆದ್ದರಿಂದ ನೀರನ್ನು ಮೇಲ್ಭಾಗದ ಕಣಿವೆಗಳಲ್ಲಿಯೇ ತಡೆದು, ತಡವಾಗಿ ಕಳುಹಿಸಬೇಕೆಂದು ನಿರ್ಧರಿಸಲಾಯಿತು.

ಬಾಗಿಲಿಲ್ಲದ ತೂಬು

ಹೀಗೆ ಹುಟ್ಟಿದ್ದು ಐದು ಮಣ್ಣಿನ ಅಣೆಕಟ್ಟುಗಳು: ಜರ್ಮನ್‌ಟೌನ್, ಎಂಗಲ್‌ವುಡ್, ಲಾಕಿಂಗ್ಟನ್, ಟೇಲರ್ಸ್‌ವಿಲ್ ಮತ್ತು ಹಫ್‌ಮನ್. ಇವುಗಳ ಹಿಂದೆ ಜಲಾಶಯವಿಲ್ಲ. ಪ್ರತಿ ಅಣೆಕಟ್ಟಿನ ಬುಡದಲ್ಲಿಯೂ ಕಾಂಕ್ರೀಟಿನ ತೂಬುಗಳಿದ್ದು, ಅವುಗಳಿಗೆ ಬಾಗಿಲುಗಳೇ ಇಲ್ಲ. ಸಾಧಾರಣ ದಿನಗಳಲ್ಲಿ ನದಿ ಅವುಗಳ ಮೂಲಕ ಅಡೆತಡೆಯಿಲ್ಲದೆ ಹರಿಯುತ್ತದೆ. ಮಹಾಮಳೆ ಬಂದಾಗ ಆಲಿಕೆಯಲ್ಲಿ ಆಗುವಂತೆಯೇ ಇಲ್ಲಿಯೂ ಆಗುತ್ತದೆ; ಮೇಲಿನಿಂದ ಎಷ್ಟೇ ಸುರಿದರೂ ಕೆಳಗಿನ ಕೊಳವೆ ತನ್ನ ಅಳತೆಯಷ್ಟನ್ನೇ ಬಿಡುತ್ತದೆ. ಆ ಅಳತೆಯನ್ನು ಕೆಳಗಿನ ನಗರಗಳ ನದೀಪಾತ್ರದ ಶಕ್ತಿಗೆ ಹೊಂದಿಸಲಾಗಿದೆ. ಉಳಿದ ನೀರು ಅಣೆಕಟ್ಟಿನ ಹಿಂದೆ ಕೆಲವು ದಿನ ನಿಂತು ತಾನಾಗಿಯೇ ಇಳಿದುಹೋಗುತ್ತದೆ. ಬಾಗಿಲು ತೆರೆಯಲು ಮರೆಯುವ ನೌಕರನಿಲ್ಲ, ತುಕ್ಕು ಹಿಡಿಯುವ ಯಂತ್ರವಿಲ್ಲ.

ಅಷ್ಟು ದೊಡ್ಡ ಅಣೆಕಟ್ಟನ್ನು ಬರಿದಾಗಿ ಬಿಡುವುದು ವ್ಯರ್ಥವೆಂದು ಯಾರಿಗೂ ತೋರಬಹುದು. ನೀರು ಸಂಗ್ರಹಿಸಿ ವಿದ್ಯುತ್ ತೆಗೆಯಬಾರದೇಕೆ ಎಂಬ ಪ್ರಶ್ನೆಯೂ ಸಹಜ. ಆದರೆ ತುಂಬಿದ ಜಲಾಶಯಕ್ಕೆ ಪ್ರವಾಹವನ್ನು ಹಿಡಿದಿಡುವ ಜಾಗವಿರುವುದಿಲ್ಲ. ಖಾಲಿ ಜಾಗವೇ ಇಲ್ಲಿ ಕೊಂಡುಕೊಂಡ ಸರಕು. ಫ್ರಾನ್ಸಿನ ಲುವಾರ್ ನದಿಯ ಮೇಲೆ 1711ರಲ್ಲಿ ಇದೇ ತತ್ತ್ವದ ಕಟ್ಟೆಯೊಂದನ್ನು ಕಟ್ಟಿದ್ದುದು ಎಂಜಿನಿಯರರಿಗೆ ಧೈರ್ಯ ನೀಡಿದ ಪೂರ್ವನಿದರ್ಶನವಾಗಿತ್ತು.

ಲಾಭ ಪಡೆದವರೇ ತೆರಬೇಕು

ಎಂಜಿನಿಯರಿಂಗ್‌ಗಿಂತ ಕಠಿಣವಾದ ಪ್ರಶ್ನೆ ಹಣದ್ದು. ರಕ್ಷಣೆ ಬೇಕಾದದ್ದು ಕೆಳಗಿನ ನಗರಗಳಿಗೆ. ಭೂಮಿ ಕೊಡಬೇಕಾದವರು ಮೇಲಿನ ರೈತರು. ಡೇಟನ್ನಿನ ಅಂಗಡಿಗಳನ್ನು ಉಳಿಸಲು ತಮ್ಮ ಹೊಲಗಳನ್ನು ಮುಳುಗಿಸುವುದೇ ಎಂದು ರೈತರು ಬಲವಾಗಿ ವಿರೋಧಿಸಿದರು. ಹಲವು ಜಿಲ್ಲೆಗಳನ್ನು ಒಳಗೊಂಡ ಇಂಥ ಕೆಲಸಕ್ಕೆ ಆಗ ತಕ್ಕ ಕಾನೂನೂ ಇರಲಿಲ್ಲ. ಆದ್ದರಿಂದ ಒಹಾಯೊ ಸಂರಕ್ಷಣಾ ಕಾಯ್ದೆಯನ್ನು ರೂಪಿಸಲಾಯಿತು. ಡೇಟನ್ನಿನ ಪತ್ರಿಕೆಯೊಂದರ ಒಡೆಯರೂ ಆಗಿದ್ದ ರಾಜ್ಯಪಾಲ ಜೇಮ್ಸ್ ಎಂ. ಕಾಕ್ಸ್ ಅವರು 1914ರ ಫೆಬ್ರವರಿಯಲ್ಲಿ ಅದಕ್ಕೆ ಸಹಿ ಹಾಕಿದರು. ನ್ಯಾಯಾಲಯಗಳಲ್ಲಿ ವಾದವಿವಾದ ನಡೆದ ಬಳಿಕ 1915ರ ಜೂನ್ 28ರಂದು ಮಯಾಮಿ ಸಂರಕ್ಷಣಾ ಮಂಡಳಿ ಸ್ಥಾಪನೆಯಾಯಿತು. ಉದ್ಯಮಿ ಎಡ್ವರ್ಡ್ ಡೀಡ್ಸ್ ಅದರ ಆಡಳಿತ ಮಂಡಳಿಯ ಮೊದಲ ಅಧ್ಯಕ್ಷರಾದರು.

ಕಾಯ್ದೆಯ ತಿರುಳು ಸರಳವಾದುದು. ಪ್ರವಾಹದಿಂದ ರಕ್ಷಣೆ ಪಡೆಯುವ ಪ್ರತಿಯೊಂದು ಆಸ್ತಿಗೂ ದೊರೆಯುವ ಲಾಭವನ್ನು ಮೌಲ್ಯಮಾಪಕರು ನಿಗದಿಪಡಿಸುತ್ತಾರೆ. ಆಸ್ತಿಯ ಒಡೆಯ ಆ ಲಾಭಕ್ಕೆ ಅನುಗುಣವಾಗಿ ಕರ ತೆರುತ್ತಾನೆ. ನಷ್ಟ ಹೊಂದುವವನಿಗೆ ಪರಿಹಾರ ಸಲ್ಲುತ್ತದೆ. ಮಂಡಳಿಯ ಮೇಲೆ ಆಯಾ ಜಿಲ್ಲೆಗಳ ನ್ಯಾಯಾಧೀಶರನ್ನು ಒಳಗೊಂಡ ವಿಶೇಷ ನ್ಯಾಯಾಲಯದ ಉಸ್ತುವಾರಿ ಇರುತ್ತದೆ. ಕಣಿವೆಯ ಜಮೀನುಗಳನ್ನು ಕೊಂಡ ಮಂಡಳಿಯು, ಪ್ರವಾಹ ಬಂದಾಗ ನೀರು ನಿಲ್ಲಿಸುವ ಹಕ್ಕನ್ನು ಉಳಿಸಿಕೊಂಡು, ಅವುಗಳಲ್ಲಿ ಬಹಳಷ್ಟನ್ನು ಮತ್ತೆ ಸಾಗುವಳಿಗೆ ಮಾರಿತು.

ಈ ಕರದ ಆಧಾರದ ಮೇಲೆ ಬಾಂಡುಗಳನ್ನು ಮಾರಿ ಬಂಡವಾಳ ಎತ್ತಲಾಯಿತು. ಒಂದನೆಯ ಮಹಾಯುದ್ಧದ ದುಬಾರಿ ದಿನಗಳಾದ 1918ರಲ್ಲಿ ಕಾಮಗಾರಿ ಆರಂಭವಾಗಿ 1922ರಲ್ಲಿ ಮುಗಿಯಿತು. ವೆಚ್ಚ 3 ಕೋಟಿ ಡಾಲರುಗಳನ್ನು ಮೀರಿತು. ಅದರಲ್ಲಿ ಕೇಂದ್ರ ಸರ್ಕಾರದ ಹಣವಿರಲಿಲ್ಲ. 1930ರ ದಶಕದ ಮಹಾ ಆರ್ಥಿಕ ಕುಸಿತವನ್ನೂ ದಾಟಿ 1949ರಲ್ಲಿ ಸಾಲ ಪೂರ್ಣವಾಗಿ ತೀರಿತು.

ಸ್ಥಳಾಂತರಗೊಂಡ ಊರು

ಪರಿಹಾರದ ಹಣ ಎಲ್ಲ ನೋವನ್ನೂ ತೂಗಲಾರದು. ಹಫ್‌ಮನ್ ಅಣೆಕಟ್ಟಿನ ಹಿಂದಿನ ತಗ್ಗಿನಲ್ಲಿ ಆಸ್ಬೋರ್ನ್ ಎಂಬ ಊರಿತ್ತು. ರೈಲು ಮಾರ್ಗದ ಪಕ್ಕದಲ್ಲಿ ವ್ಯಾಪಾರದಿಂದ ಬೆಳೆದಿದ್ದ ಆ ಊರು ಅಲ್ಲಿ ಉಳಿಯುವಂತಿರಲಿಲ್ಲ. ನಿವಾಸಿಗಳು ತಾವೇ ಒಂದು ಕಂಪನಿಯನ್ನು ಕಟ್ಟಿಕೊಂಡು, ಸುಮಾರು 400 ಮನೆಗಳನ್ನು ಬುಡದಿಂದ ಎಬ್ಬಿಸಿ ಫೇರ್‌ಫೀಲ್ಡ್ ಎಂಬ ಊರಿನ ಪಕ್ಕಕ್ಕೆ ಸಾಗಿಸಿದರು. ರೈಲು ಹಳಿಗಳೂ ದಾರಿ ಬದಲಿಸಿದವು. 1950ರಲ್ಲಿ ಎರಡೂ ಊರುಗಳು ಒಂದಾಗಿ ಫೇರ್‌ಬಾರ್ನ್ ಎಂಬ ಹೆಸರು ಪಡೆದವು. ಡೇಟನ್ನಿನ ನೆಮ್ಮದಿಯ ಲೆಕ್ಕದಲ್ಲಿ ಈ ಊರಿನ ಖಾತೆಯೂ ಸೇರಿದೆ.

ನೂರು ವರ್ಷಗಳ ಲೆಕ್ಕ

1922ರಿಂದೀಚೆಗೆ ಈ ಅಣೆಕಟ್ಟುಗಳು 2,000ಕ್ಕೂ ಹೆಚ್ಚು ಸಲ ಪ್ರವಾಹದ ನೀರನ್ನು ತಡೆದು ನಿಲ್ಲಿಸಿವೆ. 1959ರ ಜನವರಿಯ ಮಹಾಮಳೆಯಲ್ಲಿ ಅತ್ಯಧಿಕ ಸಂಗ್ರಹವಾಗಿದ್ದಾಗಲೂ ಡೇಟನ್ನಿನ ಪೇಟೆ 1913ರ ಗತಿಯನ್ನು ಕಾಣಲಿಲ್ಲ. ಯೋಜನೆಯ ಶಿಲ್ಪಿ ಮಾರ್ಗನ್ 1933ರಲ್ಲಿ ಟೆನೆಸಿ ಕಣಿವೆ ಪ್ರಾಧಿಕಾರದ ಮೊದಲ ಅಧ್ಯಕ್ಷರಾದರು. ಆ ಪ್ರಾಧಿಕಾರದ ಮಾದರಿಯಲ್ಲಿಯೇ ಭಾರತದ ದಾಮೋದರ ಕಣಿವೆ ನಿಗಮ 1948ರಲ್ಲಿ ರೂಪುಗೊಂಡಿತು. ಅದೇ ವರ್ಷ ಮಾರ್ಗನ್ ಅವರು ಡಾ. ಎಸ್. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಸದಸ್ಯರಾಗಿ ಭಾರತಕ್ಕೆ ಬಂದಿದ್ದರೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿ.

ದೋಣಿಗಳನ್ನು ಕಟ್ಟಿದ ಕ್ಯಾಶ್ ರಿಜಿಸ್ಟರ್ ಕಂಪನಿ 2009ರಲ್ಲಿ ತನ್ನ ಕೇಂದ್ರ ಕಚೇರಿಯನ್ನು ಜಾರ್ಜಿಯಾ ರಾಜ್ಯಕ್ಕೆ ಸಾಗಿಸುವುದಾಗಿ ಪ್ರಕಟಿಸಿ ಡೇಟನ್ ಬಿಟ್ಟಿತು. ಉದ್ದಿಮೆ ಹೋಯಿತು, ಅದು ನೆರವಾಗಿ ಕಟ್ಟಿಸಿದ ರಕ್ಷಣೆ ಉಳಿಯಿತು. ಆದರೆ ಆ ರಕ್ಷಣೆಗೂ ನಿರಂತರ ದುರಸ್ತಿ ಬೇಕು, ದುರಸ್ತಿಗೆ ಕರ ಬೇಕು. 2024ರಲ್ಲಿ ಆಸ್ತಿಗಳ ಮರುಮೌಲ್ಯಮಾಪನದಿಂದ ಕರ ಏರುವಂತಾದಾಗ ಕಣಿವೆಯಲ್ಲಿ ವ್ಯಾಪಕ ಆಕ್ಷೇಪ ಎದ್ದು, ಮಂಡಳಿಯು ಏರಿಕೆಯನ್ನು ತಡೆಹಿಡಿಯಬೇಕಾಯಿತು. ಪ್ರವಾಹ ಬಾರದ ವರ್ಷಗಳಲ್ಲಿ ಪ್ರವಾಹದ ಕರ ಭಾರವೆನಿಸುವುದು ಸ್ವಾಭಾವಿಕವೇ.

ವಿಮೆಯ ಕಂತು ಕಟ್ಟುವ ಪ್ರತಿಯೊಬ್ಬ ವರ್ತಕನೂ ಈ ಮನಸ್ಥಿತಿಯನ್ನು ಬಲ್ಲನು. ನಷ್ಟವಾಗದ ವರ್ಷ ಕಂತು ವ್ಯರ್ಥವಾಯಿತೆಂದು ಅನಿಸುತ್ತದೆ; ವಾಸ್ತವದಲ್ಲಿ ಅದೇ ಅದರ ಫಲ. ಡೇಟನ್ನಿನ ಐದು ಅಣೆಕಟ್ಟುಗಳು ವರ್ಷದ ಬಹುಪಾಲು ಬರಿದಾಗಿಯೇ ನಿಂತಿರುತ್ತವೆ. ಅವುಗಳ ಕೆಳಗಿನ ಪೇಟೆಗಳು ಬೆಳಿಗ್ಗೆ ಎಂದಿನಂತೆ ಬಾಗಿಲು ತೆರೆಯುತ್ತವೆ.