ಬಯಲುಸೀಮೆಯ ಚಿತ್ರ ತೆಗೆಯುವ ಬಗೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳೂ ಒಂದೇ ಹೆದ್ದಾರಿಯ ಮೇಲಿವೆ. ಬಸ್ಸಿನ ಕಿಟಕಿಯ ಪಕ್ಕ ಕುಳಿತವರಿಗೆ ಮೊದಲು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು, ಆಮೇಲೆ ಬಂಡೆಗಳ ಗುಡ್ಡಗಳು, ನಡುನಡುವೆ ಎರೆಹೊಲಗಳು ಕಾಣುತ್ತವೆ. ಕಣ್ಣಿಗೆ ಇಷ್ಟು ತುಂಬಿ ಕಾಣುವ ಸೀಮೆ ಕ್ಯಾಮರಾದಲ್ಲಿ ಮಾತ್ರ ಬರಿದಾಗಿ ಮೂಡುತ್ತದೆಂದು ಹಲವರ ದೂರು. ನನ್ನದೂ ಅದೇ ದೂರಾಗಿತ್ತು.

ಮಸ್ಕಿ ನಮ್ಮ ದೊಡ್ಡವ್ವನ ತವರು. ಮೊಣಕಾಲು ನೋವಿನಿಂದ ಪ್ರಯಾಣ ಮಾಡಲಾರದ ಆಕೆ, ಊರ ಗುಡ್ಡದ ಚಿತ್ರವೊಂದನ್ನು ತಂದುಕೊಡೆಂದು ಕೇಳಿದ್ದಳು. ನಾನು ಮಟಮಟ ಮಧ್ಯಾಹ್ನ ರಸ್ತೆಯ ಬದಿಗೆ ನಿಂತು, ಗುಡ್ಡವೆಲ್ಲ ಹಿಡಿಯುವಂತೆ ತೆಗೆದೆ. ದೊಡ್ಡವ್ವ ಕನ್ನಡಕ ಏರಿಸಿ ನೋಡಿ, "ಇದ್ರಾಗ ಗುಡ್ಡ ಎಲ್ಲೈತೋ ತಮ್ಮಾ?" ಎಂದಳು. ಅರ್ಧ ಚಿತ್ರ ಬಿಳಿಯ ಆಕಾಶ, ಇನ್ನರ್ಧ ರಸ್ತೆಯ ದೂಳು, ನಡುವೆ ಅವರೆಕಾಳಿನಷ್ಟು ಗುಡ್ಡ!

ನಮ್ಮ ಕಣ್ಣು ಬೇಕಾದುದನ್ನು ಆರಿಸಿಕೊಂಡು ನೋಡುತ್ತದೆ. ಕ್ಯಾಮರಾಕ್ಕೆ ಆ ವಿವೇಕವಿಲ್ಲ. ಎದುರಿಗಿದ್ದುದನ್ನೆಲ್ಲ ಒಂದೇ ಸಮನೆ ಬರೆದುಕೊಳ್ಳುತ್ತದೆ. ಆದುದರಿಂದ ಗುಂಡಿ ಒತ್ತುವ ಮುನ್ನ ಆರಿಸುವ ಕೆಲಸವನ್ನು ನಾವೇ ಮಾಡಬೇಕು. ಕೈಯಲ್ಲಿರುವುದು ಮೊಬೈಲಾದರೂ ಅಷ್ಟೆ.

ಬಯಲಿನಲ್ಲಿ ಮೊದಲ ಪ್ರಶ್ನೆ, ನೆಲ ಮುಗಿಲು ಕೂಡುವ ಗೆರೆ ಎಲ್ಲಿರಬೇಕು ಎಂಬುದು. ಕಾರ್ಮೋಡ ಕಟ್ಟಿದ್ದರೆ ಮೂರರಲ್ಲಿ ಎರಡು ಪಾಲು ಆಕಾಶಕ್ಕೆ ಕೊಡಿ. ಆಕಾಶ ಬರಿದಾಗಿದ್ದರೆ ನೆಲಕ್ಕೆ ಕೊಡಿ. ಈ ಮೂರು ಪಾಲಿನ ಲೆಕ್ಕವನ್ನು ೧೭೯೭ರಲ್ಲಿ ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ ಹಳ್ಳಿಗಾಡಿನ ನೋಟಗಳನ್ನು ಕುರಿತ ತನ್ನ ಪುಸ್ತಕದಲ್ಲಿ ಬರೆದಿಟ್ಟ. ಛಾಯಾಚಿತ್ರಕಲೆ ಆಗಿನ್ನೂ ಹುಟ್ಟಿರಲಿಲ್ಲ! ಆದರೆ ಇದು ಶಾಸನವಲ್ಲ. ನಾಟಿಯ ದಿನಗಳಲ್ಲಿ ಸಿಂಧನೂರಿನ ಗದ್ದೆಗಳಲ್ಲಿ ನೀರು ನಿಂತು, ಮೋಡ ಅದರಲ್ಲಿ ಮೂಡಿದಾಗ ಗೆರೆಯನ್ನು ನಟ್ಟನಡುವೆ ಇಟ್ಟರೇ ಚೆಲುವು. ಗದ್ದೆಯ ಬದುವೊಂದು ಚಿತ್ರದ ಕೆಳಮೂಲೆಯಿಂದ ಹೊರಟು ಒಳಕ್ಕೆ ಸಾಗುವಂತೆ ನಿಂತರೆ, ನೋಡುವವರ ಕಣ್ಣೂ ಅದರ ಹಿಂದೆ ನಡೆಯುತ್ತದೆ.

ಗುಡ್ಡದ ವಿಷಯ ಬೇರೆ. ಅದರ ದೊಡ್ಡತನ ತಿಳಿಯಬೇಕಾದರೆ ಪಕ್ಕದಲ್ಲಿ ಗೊತ್ತಿರುವ ಅಳತೆಯ ವಸ್ತುವೊಂದು ಬೇಕು. ನಾವು ನೆಂಟರನ್ನು ಕ್ಯಾಮರಾದ ಮುಂದೆಯೇ ನಿಲ್ಲಿಸುತ್ತೇವೆ. ಐದೂವರೆ ಅಡಿಯ ಮನುಷ್ಯ ೩೦ ಅಡಿ ದೂರದಲ್ಲಿ ನಿಂತರೆ, ೩೦೦ ಅಡಿ ದೂರದ ೫೫ ಅಡಿ ಬಂಡೆಯಷ್ಟೇ ಎತ್ತರವಾಗಿ ಕಾಣುತ್ತಾನೆ. ಗುಡ್ಡ ಸೋಲುತ್ತದೆ, ಭಾವಮೈದುನ ಗೆಲ್ಲುತ್ತಾನೆ! ಅವನನ್ನು ಬಂಡೆಯ ಬುಡಕ್ಕೇ ಕಳುಹಿಸಿ.

ಬೆಳಕೂ ಮುಖ್ಯ. ನಡುಹಗಲಿನ ಬಿಸಿಲು ನೆತ್ತಿಯಿಂದ ಬೀಳುವುದರಿಂದ ಬಂಡೆಗಳು ಚಪ್ಪಟೆಯಾಗಿ ತೋರುತ್ತವೆ. ಬೆಳಗಿನ, ಸಂಜೆಯ ಓರೆಬಿಸಿಲಿನಲ್ಲಿ ಒಂದು ಮಗ್ಗುಲು ಬೆಳಕಾಗಿ, ಇನ್ನೊಂದು ನೆರಳಾಗಿ, ಗುಂಡು ಗುಂಡಾಗಿ ಎದ್ದು ನಿಲ್ಲುತ್ತವೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಹೋದವರು ಕೋಟೆಯ ಬಾಗಿಲನ್ನೇ ಚೌಕಟ್ಟಾಗಿ ಬಳಸಬಹುದು. ಬೆಳಕಿನ ಲೆಕ್ಕವನ್ನು ಮಾತ್ರ ಬಾಗಿಲಿನಾಚೆಯ ಬಯಲಿಗೆ ಹೊಂದಿಸಿಕೊಳ್ಳಬೇಕು.

ಮಸ್ಕಿಯಲ್ಲಿ ಇನ್ನೊಂದು ಆಸೆ ಕಾಡುತ್ತದೆ. ೧೯೧೫ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು ಇಲ್ಲಿ ಕಂಡ ಬಂಡೆಬರಹದಲ್ಲಿ ಅಶೋಕನ ಹೆಸರೇ ಇದೆ. ಗುಡ್ಡವನ್ನೂ ಶಾಸನವನ್ನೂ ಒಂದೇ ಚಿತ್ರದಲ್ಲಿ ತರಹೋದರೆ ಎರಡೂ ಕೆಡುತ್ತವೆ. ಎರಡು ಚಿತ್ರ ತೆಗೆಯಿರಿ.

ಮರುವರ್ಷ ನಾನು ಬೆಳಗ್ಗೆಯೇ ಹೋದೆ. ರಸ್ತೆ ಬಿಟ್ಟು ಗುಡ್ಡದತ್ತ ನಡೆದು, ಆಕಾಶವನ್ನು ಒಂದು ಪಟ್ಟಿಯಷ್ಟು ಮಾತ್ರ ಉಳಿಸಿಕೊಂಡೆ. ಬಂಡೆಗಳ ಬುಡದಲ್ಲಿ ಕುರಿ ಕಾಯುವ ಹುಡುಗನೊಬ್ಬ ಬರುವವರೆಗೆ ಕಾದೆ. ದೊಡ್ಡವ್ವ ಚಿತ್ರವನ್ನು ಬಹಳ ಹೊತ್ತು ನೋಡಿ, "ಈ ಹುಡುಗ ಯಾರ ಪೈಕಿ?" ಎಂದು ಕೇಳಿದಳು. ಆಮೇಲೆ ಅವನು ನಿಂತಲ್ಲಿಂದ ಬೆರಳನ್ನು ನಿಧಾನವಾಗಿ ಮೇಲಕ್ಕೆ ಸರಿಸುತ್ತ, ಚಿಕ್ಕಂದಿನಲ್ಲಿ ತಾನು ಹತ್ತುತ್ತಿದ್ದ ದಾರಿಯನ್ನು ತೋರಿಸಿದಳು.