ಔಷಧ ಸಿದ್ಧವಿತ್ತು, ಒಳಹೋಗುವ ದಾರಿಯಿರಲಿಲ್ಲ

ಸರಕಿನ ಬೆಲೆಗಿಂತ ಅದನ್ನು ತಲುಪಿಸುವ ವೆಚ್ಚವೇ ವ್ಯಾಪಾರದ ಅಳಿವು ಉಳಿವುಗಳನ್ನು ನಿರ್ಧರಿಸುವ ಪ್ರಸಂಗಗಳು ವರ್ತಕರಿಗೆ ಹೊಸತಲ್ಲ. ಅಮೆರಿಕದ ಔಷಧೋದ್ಯಮದಲ್ಲಿಯೂ ಅಂತಹುದೊಂದು ಪ್ರಸಂಗ ನಡೆದಿದೆ. ಅಲ್ಲಿ ದಾಟಬೇಕಾಗಿದ್ದ ಅಡ್ಡಗೋಡೆ ಜೀವಕೋಶದ ಪೊರೆ. ಅದರ ದಪ್ಪ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟೂ ಇಲ್ಲ.

ಆಸ್ಪಿರಿನ್ ಅಣುವಿನ ತೂಕ ಸುಮಾರು 180 ಡಾಲ್ಟನ್. ಇಂತಹ ಸಣ್ಣ ಅಣುಗಳು ಪೊರೆಯನ್ನು ತಾವಾಗಿಯೇ ದಾಟಬಲ್ಲವು. ರೋಗಕಾರಕ ಪ್ರೋಟೀನಿನ ತಯಾರಿಕೆಯನ್ನೇ ತಡೆಯುವ ಕಿರು ಆರ್‌ಎನ್‌ಎ ಅಣುವಾದರೋ 13,000 ಡಾಲ್ಟನ್‌ಗಳ ಆಸುಪಾಸಿನದು. ಮೇಲಾಗಿ ಋಣ ವಿದ್ಯುದಂಶವುಳ್ಳದ್ದು. ಬರಿದಾಗಿ ಚುಚ್ಚಿದರೆ ರಕ್ತದ ಕಿಣ್ವಗಳು ಅದನ್ನು ತುಂಡರಿಸುತ್ತವೆ, ಮೂತ್ರಪಿಂಡಗಳು ಹೊರಹಾಕುತ್ತವೆ.

ಆರ್‌ಎನ್‌ಎಯ ಈ ತಡೆಶಕ್ತಿಯ ಶೋಧಕ್ಕಾಗಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೋ ಅವರಿಗೆ 2006ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅದೇ ವರ್ಷ ಮರ್ಕ್ ಸಂಸ್ಥೆಯು ಸರ್ನಾ ಎಂಬ ಕಂಪನಿಯನ್ನು ಸುಮಾರು 110 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು. ಆದರೆ ಜೀವಕೋಶದ ಬಾಗಿಲು ತೆರೆಯಲಿಲ್ಲ. 2010ರಲ್ಲಿ ರೋಷ್ ಈ ಕ್ಷೇತ್ರದಿಂದಲೇ ಹಿಂದೆ ಸರಿಯಿತು. 2014ರಲ್ಲಿ ಮರ್ಕ್ ಆ ಸ್ವತ್ತನ್ನು ಆಲ್ನೈಲಮ್ ಸಂಸ್ಥೆಗೆ ಬಿಟ್ಟುಕೊಟ್ಟಿತು. ಕೈಸೇರಿದ ನಗದು 2.5 ಕೋಟಿ ಡಾಲರ್, ಷೇರಿನ ರೂಪದಲ್ಲಿ 15 ಕೋಟಿ. ಮುಂದಿನ ಯಶಸ್ಸಿಗೆ ತಕ್ಕ ಕಂತುಗಳು ಬೇರೆ. ಜಮಾಖರ್ಚು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಲ್ನೈಲಮ್ ನೆಚ್ಚಿಕೊಂಡದ್ದು ಕೊಬ್ಬಿನ ಸೂಕ್ಷ್ಮಕಣವನ್ನು. ಆರ್‌ಎನ್‌ಎಯನ್ನು ಒಡಲಲ್ಲಿಟ್ಟುಕೊಂಡ ಈ ಕಣ ರಕ್ತದಲ್ಲಿ ಹೆಚ್ಚುಕಡಿಮೆ ವಿದ್ಯುದಂಶರಹಿತವಾಗಿರುತ್ತದೆ. ದೇಹದ್ದೇ ಆದ ಕೊಬ್ಬುವಾಹಕ ಪ್ರೋಟೀನೊಂದು ಅದಕ್ಕೆ ಅಂಟಿಕೊಳ್ಳುವುದರಿಂದ ಯಕೃತ್ತಿನ ಕೋಶವು ತನ್ನ ಎಂದಿನ ಸರಕೆಂದೇ ಭಾವಿಸಿ, ಪುಟ್ಟ ಚೀಲವೊಂದರಲ್ಲಿ ಒಳಗೆಳೆದುಕೊಳ್ಳುತ್ತದೆ. ಚೀಲದೊಳಗಿನ ಆಮ್ಲದಿಂದ ಕಣದ ಕೊಬ್ಬು ಧನ ವಿದ್ಯುದಂಶ ಪಡೆದು ಚೀಲವನ್ನು ಸೀಳುತ್ತದೆ, ಆರ್‌ಎನ್‌ಎ ಹೊರಬರುತ್ತದೆ. ಹಾಗೆ ಬಿಡುಗಡೆ ಹೊಂದುವುದು ನೂರರಲ್ಲಿ ಒಂದೆರಡು ಪಾಲು ಮಾತ್ರ. ಇಷ್ಟು ಸೋರಿಕೆಯನ್ನು ಯಾವ ಕಾರ್ಖಾನೆಯೂ ಸಹಿಸದು. ಇಲ್ಲಿ ಅಷ್ಟೇ ಸಾಕಾಯಿತು.

2018ರ ಆಗಸ್ಟ್‌ನಲ್ಲಿ, ನರಗಳನ್ನು ಕ್ಷೀಣಿಸುವ ಆನುವಂಶಿಕ ಅಮಿಲಾಯ್ಡ್ ರೋಗಕ್ಕಾಗಿ, ಪ್ಯಾಟಿಸಿರಾನ್ ಎಂಬ ಈ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಂದು ಘೋಷಿಸಿದ ಬೆಲೆ ವರ್ಷಕ್ಕೆ 4,50,000 ಡಾಲರ್! ಇದೇ ಬಗೆಯ ಕೊಬ್ಬಿನ ಕಣಗಳು 2020ರ ಕೊನೆಯಲ್ಲಿ ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳಿಗೂ ವಾಹನವಾದವು.

ಅಷ್ಟರಲ್ಲಿ ಅಗ್ಗದ ಮಾರ್ಗವೂ ತೆರೆದುಕೊಂಡಿತ್ತು. ಕಣವನ್ನೇ ಕೈಬಿಟ್ಟು, ಯಕೃತ್ತಿನ ಕೋಶಗಳು ಗುರುತಿಸುವ ಗ್ಯಾಲ್‌ನ್ಯಾಕ್ ಎಂಬ ಸಕ್ಕರೆಯ ಮೂರು ತುಣುಕುಗಳನ್ನು ಆರ್‌ಎನ್‌ಎಗೆ ನೇರವಾಗಿ ಜೋಡಿಸುವುದೇ ಆ ವಿಧಾನ. ಪ್ಯಾಟಿಸಿರಾನನ್ನು ಮೂರು ವಾರಕ್ಕೊಮ್ಮೆ ರಕ್ತನಾಳಕ್ಕೆ ಹನಿಸಬೇಕು. ಸಕ್ಕರೆ ಜೋಡಿಸಿದ ಕೊಲೆಸ್ಟರಾಲ್ ಔಷಧ ಇನ್‌ಕ್ಲಿಸಿರಾನ್‌ಗೆ ಆರಂಭದ ಎರಡು ಚುಚ್ಚುಮದ್ದುಗಳ ನಂತರ ಆರು ತಿಂಗಳಿಗೊಂದು ಸಾಕು. ಇವೆರಡೂ ತಲುಪುವುದು ಯಕೃತ್ತನ್ನೇ. ಮಿದುಳು, ಸ್ನಾಯು, ಹೃದಯಗಳಿಗೆ ಈ ವಿಳಾಸಪತ್ರ ನಡೆಯದು.